ಕೆಂಪು ಧೂಳು ಮತ್ತು ತಲೆಯ ಮೇಲಿನ ಬಟ್ಟೆ

ಗಣಿಗಾರಿಕೆಯ ಭರಾಟೆಯ ವರ್ಷಗಳಲ್ಲಿ ತೋರಣಗಲ್ಲಿನಿಂದ ಸಂಡೂರಿಗೆ, ಸಂಡೂರಿನಿಂದ ಹೊಸಪೇಟೆಗೆ ಓಡಾಡಿದ ಯಾರಿಗೂ ಆ ಧೂಳು ಮರೆಯುವಂಥದ್ದಲ್ಲ. ಅದಿರಿನ ಲಾರಿಗಳು ಒಂದರ ಬೆನ್ನಿಗೊಂದು ಸಾಲುಗಟ್ಟುತ್ತಿದ್ದವು. ಟಾರ್ಪಾಲಿನ ಅಂಚಿನಿಂದ ಉದುರಿದ ಕೆಂಪು ಪುಡಿ ರಸ್ತೆಬದಿಯ ಬೇವಿನೆಲೆ, ಹೊಲದ ಜೋಳದ ತೆನೆ, ಚಹಾದಂಗಡಿಯ ಬೆಂಚು, ಶಾಲೆಯ ಸುಣ್ಣದ ಗೋಡೆ ಎಲ್ಲವನ್ನೂ ಒಂದೇ ಬಣ್ಣಕ್ಕೆ ತಂದಿತ್ತು. ಆ ದಾರಿಯಲ್ಲಿ ಹೋಗುವ ಹೆಂಗಸರೆಲ್ಲ ಮುಖ ಮುಚ್ಚಿಕೊಳ್ಳುತ್ತಿದ್ದರು. ಸ್ಕೂಟಿಯ ಹುಡುಗಿ ದುಪಟ್ಟಾವನ್ನು ತಲೆಗೆ, ಕಿವಿಗೆ, ಮೂಗಿಗೆ ಎರಡು ಸುತ್ತು ಸುತ್ತಿ ಹಿಂದೆ ಗಂಟು ಹಾಕಿದರೆ ಕಣ್ಣೆರಡು ಮಾತ್ರ ಹೊರಗೆ ಉಳಿಯುತ್ತಿದ್ದವು. ಕೂಲಿಗೆ ಹೊರಟವಳು ಸೆರಗನ್ನು ತಲೆ ಮೇಲಿಂದ ಎಳೆದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿಯುತ್ತಿದ್ದಳು. ಬುರ್ಖಾದವಳು ನಕಾಬನ್ನು ಇನ್ನಷ್ಟು ಬಿಗಿ ಮಾಡಿಕೊಳ್ಳುತ್ತಿದ್ದಳು. ಬಸ್ಸಿನ ಕಿಟಕಿಯಿಂದ ನೋಡಿದವರಿಗೆ ಇವರಲ್ಲಿ ಯಾರು ಯಾವ ಓಣಿಯವರು, ಯಾವ ದೇವರಿಗೆ ನಡೆದುಕೊಳ್ಳುವವರು ಎಂದು ಹೇಳಲು ಬರುತ್ತಿರಲಿಲ್ಲ. ಹೇಳಬೇಕೆಂಬ ಆಸೆಯೂ ಯಾರಿಗೂ ಇರಲಿಲ್ಲ. 2011ರ ಜುಲೈ 29ರಂದು ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಹಿಡಿದ ಮೇಲೆ ಧೂಳು ತಗ್ಗಿತು. ಮುಖದ ಬಟ್ಟೆ ಸಡಿಲಾಯಿತು. ಒಂಬತ್ತು ವರ್ಷ ಕಳೆದು ಕೊರೊನಾ ಬಂದಾಗ ಸರ್ಕಾರವೇ ಮುಖ ಮುಚ್ಚಿಕೊಳ್ಳಿ ಎಂದಿತು, ಮುಚ್ಚದವರಿಗೆ ದಂಡ ಹಾಕಿತು. ಅದಾಗಿ ಎರಡೇ ವರ್ಷಕ್ಕೆ, ಇದೇ ರಾಜ್ಯದಲ್ಲಿ, ಮುಖ ಕೂಡ ಅಲ್ಲ, ತಲೆ ಮುಚ್ಚಿದ ಒಂದು ಮೊಳ ಬಟ್ಟೆಗಾಗಿ ಕಾಲೇಜಿನ ಗೇಟು ಮುಚ್ಚಿತು.

ಆ ದಿನಗಳನ್ನು ನೆನೆದರೆ ಇವತ್ತಿಗೂ ಸಂಕಟವಾಗುತ್ತದೆ. 2021ರ ಡಿಸೆಂಬರಿನ ಕೊನೆಗೆ ಉಡುಪಿಯ ಸರ್ಕಾರಿ ಬಾಲಕಿಯರ ಪದವಿಪೂರ್ವ ಕಾಲೇಜಿನಲ್ಲಿ ಹಿಜಾಬು ಹಾಕಿಕೊಂಡೇ ತರಗತಿಗೆ ಬರುತ್ತೇವೆಂದ ಆರು ಹುಡುಗಿಯರಿಂದ ಶುರುವಾದದ್ದು ಜನವರಿಯಲ್ಲಿ ಜಿಲ್ಲೆಯಿಂದ ಜಿಲ್ಲೆಗೆ ಹಬ್ಬಿತು. ಕೇಸರಿ ಶಾಲು ಹೊದ್ದ ಹುಡುಗರು ಎದುರು ನಿಂತರು. ಫೆಬ್ರುವರಿ 5ರಂದು ಸರ್ಕಾರ 1983ರ ಶಿಕ್ಷಣ ಕಾಯ್ದೆಯನ್ನು ಆಧಾರವಾಗಿಟ್ಟು ಸಮವಸ್ತ್ರ ಕಡ್ಡಾಯವೆಂದು ಆದೇಶ ಹೊರಡಿಸಿತು. 9ರಿಂದ ಮೂರು ದಿನ ರಾಜ್ಯದ ಹೈಸ್ಕೂಲು, ಕಾಲೇಜುಗಳೆಲ್ಲ ಬಂದ್ ಆದವು. 10ರಂದು ಹೈಕೋರ್ಟಿನ ಮಧ್ಯಂತರ ಆದೇಶ ಬಂತು: ಸಮವಸ್ತ್ರ ನಿಗದಿಯಾದ ಕಡೆ ತರಗತಿಯೊಳಗೆ ಶಾಲೂ ಬೇಡ, ಹಿಜಾಬೂ ಬೇಡ. ಮಾರ್ಚ್ 15ರಂದು ಮೂವರು ನ್ಯಾಯಮೂರ್ತಿಗಳ ಪೀಠ 129 ಪುಟಗಳ ತೀರ್ಪು ಕೊಟ್ಟು, ಹಿಜಾಬು ಇಸ್ಲಾಮಿನ ಅತ್ಯಗತ್ಯ ಆಚರಣೆಯಲ್ಲ, ಸಮವಸ್ತ್ರದ ನಿಯಮ ಸರಿಯಾಗಿಯೇ ಇದೆ ಎಂದಿತು. ಅಕ್ಟೋಬರ್ 13ಕ್ಕೆ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ದಾರಿ ಹಿಡಿದರು. ಹೇಮಂತ್ ಗುಪ್ತಾ ಅವರು ಹೈಕೋರ್ಟನ್ನು ಎತ್ತಿಹಿಡಿದರು. ಸುಧಾಂಶು ಧುಲಿಯಾ ಅವರು ಇದು ಕೊನೆಗೂ ಆಯ್ಕೆಯ ಮಾತು, ಅದಕ್ಕಿಂತ ಹೆಚ್ಚೂ ಅಲ್ಲ ಕಡಿಮೆಯೂ ಅಲ್ಲ ಎಂಬರ್ಥದಲ್ಲಿ ಬರೆದರು. ತಾರೀಖುಗಳು ಇಷ್ಟೇ. ಆದರೆ ಆ ಹತ್ತು ತಿಂಗಳು ಮನೆಯ ಪಡಸಾಲೆಯಲ್ಲಿ, ಚಹಾದಂಗಡಿಯಲ್ಲಿ, ರೈಲಿನ ಬೋಗಿಯಲ್ಲಿ ನಡೆದ ಮಾತುಗಳಲ್ಲಿ ಒಂದು ಪ್ರಶ್ನೆ ಮಾತ್ರ ಎಲ್ಲ ಕಡೆಯೂ ಸುತ್ತಿ ಸುತ್ತಿ ಬರುತ್ತಿತ್ತು: ಅವಳು ಅದನ್ನು ತಾನಾಗಿ ಹಾಕಿಕೊಂಡಳೋ, ಯಾರಾದರೂ ಹಾಕಿಸಿದರೋ?

ಪ್ರಶ್ನೆ ಸಹಜವಾದದ್ದೇ. ಆದರೆ ಅದಕ್ಕೆ ಉತ್ತರ ಹುಡುಕಿದ ಜಾಗ ತಪ್ಪು ಎಂಬುದು ನನ್ನ ವಾದ. ಒಬ್ಬರು ಬಟ್ಟೆಯನ್ನು ನೋಡಿ ಉತ್ತರ ಹೇಳಿದರು, ಮೈ ಮುಚ್ಚಿದ್ದರೆ ಗುಲಾಮಗಿರಿ, ತೆರೆದಿದ್ದರೆ ಸ್ವಾತಂತ್ರ್ಯ ಎಂದು. ಇನ್ನೊಬ್ಬರು ಅದನ್ನೇ ತಿರುಗಿಸಿ ಹೇಳಿದರು. ನ್ಯಾಯಾಲಯ ಧರ್ಮಗ್ರಂಥವನ್ನು ತೆರೆದು ಅಲ್ಲಿ ಕಡ್ಡಾಯ ಎಂದಿದೆಯೋ ಇಲ್ಲವೋ ಎಂದು ನೋಡಿತು. ಮತ್ತೆ ಕೆಲವರು ಹುಡುಗಿಯ ಮನಸ್ಸಿನೊಳಗೇ ಇಳಿದು ನೋಡಲು ಹೊರಟರು. ಇವುಗಳಲ್ಲಿ ಯಾವುದೂ ಉತ್ತರ ಕೊಡುವುದಿಲ್ಲ. ಮನಸ್ಸಿನ ಒಳಗು ಯಾರಿಗೂ ಕಾಣದು, ಬಟ್ಟೆಗೆ ಬಾಯಿಲ್ಲ. ನಮಗೆ ಕಾಣುವುದು, ನಾವು ಲೆಕ್ಕ ಹಾಕಬಹುದಾದದ್ದು ಒಂದೇ, ಆ ಬಟ್ಟೆಯನ್ನು ಬಿಟ್ಟರೆ ಅವಳು ಏನನ್ನು ಕಳೆದುಕೊಳ್ಳುತ್ತಾಳೆ, ಹಿಡಿದುಕೊಂಡರೆ ಏನನ್ನು ಕಳೆದುಕೊಳ್ಳುತ್ತಾಳೆ ಎಂಬುದು. ಬಿಟ್ಟರೆ ಮನೆಯವರ ಪ್ರೀತಿ, ಮದುವೆಯ ಮಾತು, ಹೊರಗೆ ಹೋಗುವ ಅನುಮತಿ ಹೋಗುವುದಾದರೆ ಅಲ್ಲಿ ಆಯ್ಕೆಯಿಲ್ಲ. ಹಿಡಿದುಕೊಂಡರೆ ಓದು, ಪರೀಕ್ಷೆ, ಕೆಲಸ ಹೋಗುವುದಾದರೂ ಆಯ್ಕೆಯಿಲ್ಲ. ಎರಡೂ ಕಡೆ ಬೆಲೆ ಕಟ್ಟಿದವರು ಬೇರೆ ಬೇರೆ, ತೆರುವವಳು ಮಾತ್ರ ಒಬ್ಬಳೇ. ಆದ್ದರಿಂದ ವಿಚಾರಣೆಗೆ ನಿಲ್ಲಬೇಕಾದವರು ಬೆಲೆ ಕಟ್ಟಿದವರು, ಅವಳಲ್ಲ.

ಬಟ್ಟೆಗೆ ಸ್ವಂತ ಧರ್ಮವಿಲ್ಲ ಎಂಬುದಕ್ಕೆ ಈ ಸೀಮೆಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ವಿಜಯನಗರದ ಅರಸರು ಆಸ್ಥಾನದಲ್ಲಿ ತೊಡುತ್ತಿದ್ದ ಉದ್ದ ಅಂಗಿಗೆ ಕಬಾಯಿ ಎಂದು ಹೆಸರು; ಮಾತು ಅರಬ್ಬಿಯ ಕಬಾದಿಂದ ಬಂದದ್ದು. ತಲೆಯ ಮೇಲಿನ ಎತ್ತರದ ಟೋಪಿಗೆ ಕುಲ್ಲಾಯಿ. ಅದು ಪಾರಸಿಯ ಕುಲಾಹ್. 1996ರಲ್ಲಿ ಇತಿಹಾಸಕಾರ ಫಿಲಿಪ್ ವ್ಯಾಗನರ್ ಇದರ ಮೇಲೆ ಬರೆದ ಲೇಖನ ವಿದ್ವಾಂಸರಲ್ಲಿ ಬಹಳ ಚರ್ಚೆಯಾಯಿತು. ಅದಕ್ಕೂ ಮೊದಲಿನ ದಕ್ಷಿಣದ ಅರಸರು ಸಭೆಯಲ್ಲಿ ಕೂತಾಗಲೂ ಎದೆ ತೆರೆದೇ ಇರುತ್ತಿತ್ತು, ಅದರಲ್ಲಿ ಯಾರಿಗೂ ಮಾನಗೇಡು ಕಂಡಿರಲಿಲ್ಲ. ಸುಲ್ತಾನರ ಲೋಕದಲ್ಲಿ ಸಭೆಯ ಮರ್ಯಾದೆಯೆಂದರೆ ಮೈ ಮುಚ್ಚುವ ಹೊಲಿದ ಅಂಗಿ. ವಿಜಯನಗರ ಆ ಮರ್ಯಾದೆಯನ್ನು ತನ್ನದಾಗಿಸಿಕೊಂಡಿತು, ‘ಹಿಂದೂರಾಯ ಸುರತ್ರಾಣ’ ಎಂಬ ಬಿರುದಿನ ಜೊತೆಗೇ. 1443ರಲ್ಲಿ ಬಂದ ಪಾರಸಿ ರಾಯಭಾರಿ ಅಬ್ದುರ್ ರಜಾಕ್ ಕಂಡ ಎರಡನೆಯ ದೇವರಾಯ ಸ್ಯಾಟಿನ್ ಅಂಗಿ ತೊಟ್ಟಿದ್ದ. ಆದರೆ ತಿರುಮಲೆಯಲ್ಲಿರುವ ಕೃಷ್ಣದೇವರಾಯನ ಲೋಹದ ಪ್ರತಿಮೆಯನ್ನು ಹತ್ತಿರದಿಂದ ನೋಡಬೇಕು: ಇಬ್ಬರು ರಾಣಿಯರ ನಡುವೆ ಕೈ ಮುಗಿದು ನಿಂತಿದ್ದಾನೆ, ತಲೆಯ ಮೇಲೆ ಆ ಪಾರಸಿ ಟೋಪಿ, ಎದೆ ಬರಿದು, ಸೊಂಟಕ್ಕೆ ಪಂಚೆ. ದೇವರ ಮುಂದೆ ನಿಂತ ಒಂದೇ ಮೈಮೇಲೆ ಎರಡು ಲೋಕದ ಸಭ್ಯತೆ. ಬೆಲೆಯ ಮಾತೂ ಆಗಲೇ ಇತ್ತು. ಈ ಆಸ್ಥಾನಕ್ಕೆ ಬಂದು ಆ ಟೋಪಿಯನ್ನೂ ಅಂಗಿಯನ್ನೂ ಹಾಕಿಕೊಳ್ಳಬೇಕಾದ ಕಷ್ಟವನ್ನು ತೆಲುಗು ಕವಿ ಶ್ರೀನಾಥ ತೋಡಿಕೊಂಡದ್ದಾಗಿ ಒಂದು ಚಾಟುಪದ್ಯ ಪ್ರಸಿದ್ಧವಾಗಿದೆ. ದೊರೆಯ ದರ್ಶನ ಬೇಕಾದರೆ ದೊರೆ ಮೆಚ್ಚಿದ ಬಟ್ಟೆ. ಆ ಕುಲ್ಲಾಯಿ ಕೊನೆಗೆ ಎಲ್ಲಿಗೆ ಹೋಯಿತು? ತೊಟ್ಟಿಲ ಕೂಸಿನ ನೆತ್ತಿಗೆ. ನಮ್ಮ ಕಡೆ ಅಜ್ಜಿಯರು ಕೂಸಿಗೆ ಗಲ್ಲದ ಕೆಳಗೆ ದಾರ ಕಟ್ಟಿ ಹಾಕುವ ಕುಲಾವಿ ಅದೇ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರಂತೆ ಎಂದು ದಿನವೂ ಗಾದೆ ಹೇಳುವ ಬಾಯಿಗೆ ಅದು ಎಲ್ಲಿಂದ ಬಂತೆಂಬ ನೆನಪಿಲ್ಲ. ಇದರಲ್ಲಿ ನಷ್ಟವೇನೂ ಇಲ್ಲ. ಒಂದು ಬಟ್ಟೆ ಮನೆಯ ಬಟ್ಟೆಯಾಗುವುದೆಂದರೆ ಹಾಗೆ ಮರೆತುಹೋಗುವುದೇ.

ಸಂಡೂರಿನ ಗುಡ್ಡಗಳ ನಡುವಿನ ತಾಂಡಾಗಳು ಇದಕ್ಕಿಂತ ಹತ್ತಿರದ ಪಾಠ. ಲಂಬಾಣಿ ಹೆಂಗಸಿನ ಉಡುಗೆಯಲ್ಲಿ ಕನ್ನಡಿಯ ಚೂರು, ಕವಡೆ, ನಾಣ್ಯ, ಬಣ್ಣ ಬಣ್ಣದ ದಾರ ಎಲ್ಲ ಸೇರಿ ಒಬ್ಬಳು ಹೊರುವ ಭಾರ ಕಡಿಮೆಯದಲ್ಲ. ಫೇಟಿಯಾ ಎಂಬ ಲಂಗ ಪಾದದ ಮೇಲಿನವರೆಗೆ ಇಳಿಯುತ್ತದೆ, ಛಾಟಿಯಾ ತಲೆಯನ್ನು ಮುಚ್ಚುತ್ತದೆ, ಹಿರಿಯರ ಮುಂದೆ ಮುಖದ ಮೇಲೂ ಜಾರುತ್ತದೆ. ಆದರೆ ಕಾಂಚಳಿ ಎಂಬ ರವಿಕೆಗೆ ಬೆನ್ನಿಲ್ಲ, ಹಿಂದೆ ಇರುವುದು ಕಟ್ಟುವ ದಾರ ಮಾತ್ರ. ತಲೆಯ ಕೂದಲು ಕಾಣಬಾರದು, ಬೆನ್ನು ಕಂಡರೆ ಅಡ್ಡಿಯಿಲ್ಲ. ಪಕ್ಕದ ಊರಿನ ಸೀರೆಯವಳಿಗೆ ಬೆನ್ನು ಮುಚ್ಚಬೇಕು, ಹೊಟ್ಟೆಯ ಮಗ್ಗುಲು ಕಂಡರೆ ಅಡ್ಡಿಯಿಲ್ಲ. ಚೂಡಿದಾರದ ಹುಡುಗಿಗೆ ಹೊಟ್ಟೆ ಮುಚ್ಚಬೇಕು, ತಲೆ ಬಿಟ್ಟರೆ ಅಡ್ಡಿಯಿಲ್ಲ. ಸಂತೆಯ ದಿನ ಸಂಡೂರಿನ ಬಸ್ ನಿಲ್ದಾಣದಲ್ಲಿ ಈ ಮೂವರೂ, ಬುರ್ಖಾದವಳೂ ಒಂದೇ ಕಟ್ಟೆಯ ಮೇಲೆ ಕೂತಿರುತ್ತಾರೆ. ಒಬ್ಬಳ ಲೆಕ್ಕದಲ್ಲಿ ಇನ್ನೊಬ್ಬಳು ಎಲ್ಲೋ ಒಂದು ಕಡೆ ನಾಚಿಕೆ ಬಿಟ್ಟವಳೇ. ಎಲ್ಲಿ ಮುಚ್ಚಿದರೆ ಮಾನ ಎಂಬ ಗೆರೆ ಹತ್ತು ಹರದಾರಿಗೊಮ್ಮೆ ಬದಲಾಗುವುದಾದರೆ ಅದನ್ನು ಇಡೀ ರಾಜ್ಯಕ್ಕೆ ಒಂದೇ ಕಡೆ ಎಳೆಯುವುದು ಹೇಗೆ? ತಾಂಡಾದ ಉಡುಗೆ ಈಗ ಕಡಿಮೆಯಾಗಿದೆ. ಗಂಡಸರು ಧೋತರ, ರುಮಾಲು ಬಿಟ್ಟು ಪ್ಯಾಂಟಿಗೆ ಬಂದು ತಲೆಮಾರುಗಳಾದವು, ಆಗ ಸಂಸ್ಕೃತಿ ಹೋಯಿತೆಂದು ಯಾರೂ ಅಳಲಿಲ್ಲ. ಹೆಣ್ಣುಮಕ್ಕಳು ಆಮೇಲೆ, ಕೂಲಿಗೆ, ಶಾಲೆಗೆ, ಪಟ್ಟಣಕ್ಕೆ ಹೋಗಲು ಹಗುರವಾದದ್ದು ಬೇಕಾಗಿ ಸೀರೆಗೆ, ಚೂಡಿದಾರಕ್ಕೆ ಬಂದರು. ಯಾವ ಸರ್ಕಾರವೂ ಆದೇಶ ಹೊರಡಿಸಲಿಲ್ಲ. ಕೆಲವರು ಬಿಟ್ಟರು, ಕೆಲವರು ಹಬ್ಬಕ್ಕೆ ಮಾತ್ರ ಉಳಿಸಿಕೊಂಡರು, ಮುದುಕಿಯರು ಕೊನೆಯವರೆಗೂ ಉಟ್ಟರು. ಪೇಟೆಯಲ್ಲಿ ಬೆರಗಿನಿಂದಲೋ ತಾತ್ಸಾರದಿಂದಲೋ ನೋಡುವ ಕಣ್ಣುಗಳ ಭಾರವೂ ಇದರಲ್ಲಿ ಇರಲಿಲ್ಲವೆಂದು ನಾನು ಹೇಳಲಾರೆ. ಆದರೂ ಬಿಟ್ಟವಳಿಗೂ ಉಳಿಸಿಕೊಂಡವಳಿಗೂ ಶಾಲೆಯ ಬಾಗಿಲು ಒಂದೇ ಆಗಿತ್ತು. 1988ರಲ್ಲಿ ಶುರುವಾದ ಸಂಡೂರು ಕುಶಲ ಕಲಾ ಕೇಂದ್ರದಲ್ಲಿ ಆ ಕಸೂತಿ ದುಡಿಮೆಯಾಯಿತು. ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. 2023ರ ಜುಲೈನಲ್ಲಿ ಹಂಪಿಯ ಜಿ20 ಸಭೆಯ ಹೊತ್ತಿಗೆ 450ಕ್ಕೂ ಹೆಚ್ಚು ಹೆಂಗಸರು ಹೊಲಿದ 1755 ಲಂಬಾಣಿ ವಸ್ತುಗಳು ಗಿನ್ನೆಸ್ ದಾಖಲೆ ಸೇರಿದವು. ತಲೆ ಮುಚ್ಚುವ ಬಟ್ಟೆಗೂ ಅದರಲ್ಲಿ ಗೌರವದ ಜಾಗವಿತ್ತು. ಅದೇ ವರ್ಷ ಇನ್ನೊಂದು ತಲೆವಸ್ತ್ರ ಕೋರ್ಟಿನ ಕಡತದಲ್ಲಿ ಕೂತಿತ್ತು.

ಇಲ್ಲಿ ಧರ್ಮವಂತರ ಕಡೆಯಿಂದ ಒಂದು ಆಕ್ಷೇಪ ಬರುತ್ತದೆ, ಅದು ಹಗುರವಾದದ್ದಲ್ಲ. ಆಯ್ಕೆ, ಇಷ್ಟ ಎಂಬುದು ಅಂಗಡಿಯ ಮಾತು. ನಮಗೆ ಇದು ದೇವರ ಅಪ್ಪಣೆ, ತೂಗಿ ನೋಡುವ ಸರಕಲ್ಲ ಎನ್ನುತ್ತಾರೆ. ಒಪ್ಪೋಣ. ಆದರೆ ಅಪ್ಪಣೆ ಪಾಲಿಸುವುದಕ್ಕೂ ಪಾಲಿಸುವವರ ಒಪ್ಪಿಗೆ ಬೇಕು. ಹೆದರಿ ಮಾಡಿದ್ದು ಹೆದರಿಸಿದವನಿಗೆ ಸಲ್ಲುತ್ತದೆ, ದೇವರಿಗಲ್ಲ. ಇನ್ನೊಂದು ಮಾತೂ ಇದೆ. ಕುರಾನಿನ 24ನೆಯ ಅಧ್ಯಾಯದಲ್ಲಿ ಹೆಂಗಸರ ಮೇಲುದದ ವಿಷಯ ಬರುವ ವಚನಕ್ಕಿಂತ ಮುಂಚಿನದು ಗಂಡಸರಿಗೆ ದೃಷ್ಟಿ ತಗ್ಗಿಸಲು ಹೇಳುವ ವಚನ. ನಮ್ಮ ಸೀಮೆಯ ವೀರನ ಕಥೆಯೂ ಅಲ್ಲಿಗೇ ಬರುತ್ತದೆ. ಕಂಪ್ಲಿಯ ಕುಮಾರರಾಮನ ಪರಾಕ್ರಮಗಳನ್ನು ಎಷ್ಟೇ ಹಾಡಿದರೂ ಜನ ಅವನಿಗೆ ಕೊಟ್ಟ ದೊಡ್ಡ ಬಿರುದು ‘ಪರನಾರಿ ಸಹೋದರ’. ಮಲತಾಯಿ ರತ್ನಾಜಿ ಕರೆದಾಗ ಅವನು ತನ್ನನ್ನು ತಾನು ತಡೆದುಕೊಂಡ, ಅದಕ್ಕಾಗಿ ಸುಳ್ಳು ಆರೋಪ ಹೊತ್ತ. ಆ ಕಥೆಯಲ್ಲಿ ಶೀಲವಿರುವುದು ಗಂಡಸಿನ ಕಣ್ಣಿನಲ್ಲಿ, ಹೆಂಗಸಿನ ಸೆರಗಿನ ಅಳತೆಯಲ್ಲಿ ಅಲ್ಲ. ದಿಲ್ಲಿಗೆ ತಿರುಗಿಬಿದ್ದು ಓಡಿಬಂದ ಬಹಾವುದ್ದೀನ್ ಗುರ್ಶಾಸ್ಪನಿಗೆ ಆಶ್ರಯ ಕೊಟ್ಟು, ಅದಕ್ಕಾಗಿ 1327ರಲ್ಲಿ ರಾಜ್ಯವನ್ನೇ ಕಳೆದುಕೊಂಡ ಮನೆತನ ಅದು. ಮರ್ಯಾದೆ ಎಂಬ ಮಾತಿಗೆ ಅವರು ಕೊಟ್ಟ ಅರ್ಥ ದೊಡ್ಡದಿತ್ತು. ‘ಮಾನ’ಕ್ಕೆ ಕನ್ನಡದಲ್ಲಿ ಗೌರವ ಎಂಬ ಅರ್ಥವೂ ಇದೆ, ಅಳತೆ ಎಂಬ ಅರ್ಥವೂ ಇದೆ. ಅಳೆಯುವ ಕೋಲು ಯಾವಾಗಲೂ ಗಂಡಸಿನ ಕೈಯಲ್ಲೇ ಉಳಿದದ್ದು, ಅಳತೆಗೆ ನಿಂತವಳು ಯಾವಾಗಲೂ ಹೆಂಗಸೇ ಆದದ್ದು ಎರಡೂ ಧರ್ಮದವರು ಕೂಡಿ ಮಾಡಿದ ಅನ್ಯಾಯ. ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎಂಬ ಗಾದೆಯನ್ನು ಹೆಣ್ಣುಮಕ್ಕಳಿಗೆ ಮಾತ್ರ ಕಲಿಸಿದೆವು.

ಎರಡನೆಯ ಆಕ್ಷೇಪ ಎದುರಿನಿಂದ ಬರುತ್ತದೆ, ಇದನ್ನು ನಾನು ಹೆಚ್ಚು ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ಹದಿನೇಳರ ಹುಡುಗಿ ತಾನಾಗಿ ಹಾಕಿಕೊಂಡೆ ಎಂದರೆ ನಂಬುವುದು ಹೇಗೆ? ಐದು ವರ್ಷದ ಕೂಸಾಗಿದ್ದಾಗಿನಿಂದ ಅಪ್ಪ, ಅಣ್ಣ, ಓಣಿಯ ಹಿರಿಯರು ಹೇಳಿ ಹೇಳಿ ರೂಢಿಸಿದ್ದನ್ನು ಆಯ್ಕೆ ಎನ್ನಬಹುದೇ? ಶಾಲೆಯೊಂದಾದರೂ ಅವಳಿಗೆ ಅದರಿಂದ ಬಿಡುಗಡೆ ಕೊಡಬಾರದೇ? ಒತ್ತಾಯ ಇಲ್ಲವೆಂದು ನಾನು ವಾದಿಸುವುದಿಲ್ಲ. ಇದೆ, ಹಲವು ಮನೆಗಳಲ್ಲಿ ಇದೆ. ಆದರೆ ಒತ್ತಾಯ ಮಾಡಿದವನಿಗೆ ಆ ಆದೇಶದಿಂದ ಏನಾಯಿತು ಎಂದು ಕೇಳಿನೋಡಿ. ಏನೂ ಆಗಲಿಲ್ಲ. ಅವನು ಮಗಳನ್ನು ಮನೆಯಲ್ಲಿ ಕೂಡಿಸಿದ, ಬೇಗ ಮದುವೆಯ ಮಾತು ತೆಗೆದ. ಅವನ ಒತ್ತಾಯದಿಂದ ಪಾರಾಗಲು ಅವಳಿಗಿದ್ದ ಬಾಗಿಲು ಕಾಲೇಜು ಒಂದೇ. ನಾವು ಮುಚ್ಚಿದ್ದು ಅದನ್ನು. ಇನ್ನು ನಿಜವಾಗಿ ನಂಬಿಕೆಯಿಂದ ಧರಿಸಿದವಳಿಗೆ ಆದದ್ದು ನೇರವಾದ ಅವಮಾನ. ಹಾಗಾಗಿ ಆ ನಿಯಮ ಎರಡೂ ಬಗೆಯ ಹುಡುಗಿಯರಿಗೆ ಕೇಡು ಮಾಡಿತು. ಇರಾನ್ ಇದನ್ನು ಎರಡು ಸಲ ಕಂಡಿದೆ. 1936ರಲ್ಲಿ ರೆಜಾ ಶಾ ಆಜ್ಞೆ ಮಾಡಿ ಪರದೆ ತೆಗೆಸಿದ, ಪೊಲೀಸರು ಬೀದಿಯಲ್ಲಿ ಚಾದರ ಕಿತ್ತರು, ಎಷ್ಟೋ ಹೆಂಗಸರು ಮನೆಯಿಂದ ಹೊರಗೆ ಬರುವುದನ್ನೇ ಬಿಟ್ಟರು. 1979ರ ಕ್ರಾಂತಿಯ ಮೇಲೆ ಅದೇ ಪೊಲೀಸು ತಲೆ ಮುಚ್ಚಿಸಲು ನಿಂತಿತು. 2022ರ ಸೆಪ್ಟೆಂಬರಿನಲ್ಲಿ ದಿಲ್ಲಿಯ ಸುಪ್ರೀಂ ಕೋರ್ಟಿನಲ್ಲಿ ನಮ್ಮ ಹುಡುಗಿಯರ ಪರವಾಗಿ ವಕೀಲರು ವಾದಿಸುತ್ತಿದ್ದ ಹೊತ್ತಿಗೇ, 16ರಂದು, ಟೆಹರಾನಿನಲ್ಲಿ ತಲೆವಸ್ತ್ರ ಸರಿಯಿಲ್ಲವೆಂದು ಹಿಡಿದೊಯ್ದಿದ್ದ ಮಹ್ಸಾ ಅಮಿನಿ ಸತ್ತಳು. ಅಲ್ಲಿ ಹೆಂಗಸರು ಆ ಬಟ್ಟೆಯನ್ನು ನಡುಬೀದಿಯಲ್ಲಿ ಸುಟ್ಟರು. ಉಡುಪಿಯ ಹುಡುಗಿ ಬಟ್ಟೆ ಬೇಕೆಂದಳು, ಟೆಹರಾನಿನ ಹುಡುಗಿ ಬೇಡವೆಂದಳು, ಹಾಗಾದರೆ ಯಾರು ಸರಿ ಎಂದು ಆಗ ಬಹಳ ಜನ ಕೇಳಿದರು. ಇಬ್ಬರೂ ಹೇಳಿದ್ದು ಒಂದೇ ಮಾತು: ನನ್ನ ತಲೆಯ ಮೇಲೆ ನಿನ್ನ ಕೈ ಬೇಡ.

ಆದರೆ ನನ್ನ ವಾದದ ನಿಜವಾದ ಪರೀಕ್ಷೆ ಚಂದ್ರಗುತ್ತಿಯಲ್ಲಿದೆ. ಸೊರಬ ತಾಲ್ಲೂಕಿನ ಆ ಬೆಟ್ಟದ ರೇಣುಕಾಂಬೆಗೆ ಹರಕೆ ಹೊತ್ತ ಹೆಂಗಸರು, ಗಂಡಸರು, ಮಕ್ಕಳು ವರದಾ ನದಿಯಲ್ಲಿ ಮುಳುಗಿ ಬೆತ್ತಲೆಯಾಗಿ ಗುಡಿಗೆ ಓಡುತ್ತಿದ್ದರು. 1986ರ ಮಾರ್ಚಿನಲ್ಲಿ ತಡೆಯಲು ಹೋದ ಕಾರ್ಯಕರ್ತರ ಮೇಲೆ, ಪೊಲೀಸರ ಮೇಲೆ ಜನ ಬಿದ್ದರು, ಅವರ ಬಟ್ಟೆಯನ್ನೂ ಕಿತ್ತರು. ಆಮೇಲೆ ಸರ್ಕಾರ ಬೆತ್ತಲೆ ಸೇವೆಯನ್ನು ನಿಷೇಧಿಸಿತು. ನಮ್ಮ ಹತ್ತಿರದ ಉಚ್ಚಂಗಿದುರ್ಗದಲ್ಲಿ ಮೈಗೆ ಬೇವಿನ ಸೊಪ್ಪು ಸುತ್ತಿಕೊಂಡು ಹೋಗುವ ಬೇವಿನುಡುಗೆಗೂ ನಿಷೇಧವಿದೆ. ಅವರೂ ನಂಬಿಕೆಯಿಂದಲೇ ಮಾಡುತ್ತಿದ್ದರು, ಕೇಳಿದರೆ ನಮ್ಮ ಇಷ್ಟ ಎಂದೇ ಹೇಳುತ್ತಿದ್ದರು. ಅದನ್ನು ತಡೆದದ್ದು ಸರಿಯಾದರೆ ಇದನ್ನು ತಡೆದದ್ದು ತಪ್ಪು ಹೇಗೆ? ಈ ಪ್ರಶ್ನೆಗೆ ಹಾರಿಕೆಯ ಉತ್ತರ ಕೊಡಬಾರದು. ಅಲ್ಲಿ ಯಾರು ಬೆತ್ತಲಾಗುತ್ತಿದ್ದರು ಎಂದು ನೋಡಬೇಕು. ಹೆಚ್ಚಿನವರು ದಲಿತರು, ಹಿಂದುಳಿದವರು, ಬಡವರು. ಹರಕೆ ತೀರಿಸದಿದ್ದರೆ ಮಗು ಸಾಯುತ್ತದೆ, ಕಣ್ಣು ಹೋಗುತ್ತದೆ ಎಂಬ ಭಯ ಬೆನ್ನ ಹಿಂದಿತ್ತು. ನೋಡಲು ಬಂದ ಗಂಡಸರ ಗುಂಪು ಮುಂದಿತ್ತು. ನಮ್ಮ ಕೂಡ್ಲಿಗಿ, ಹೊಸಪೇಟೆ, ಸಂಡೂರು ಕಡೆಯ ದೇವದಾಸಿ ಪದ್ಧತಿಯಲ್ಲೂ ಇದೇ ಕತೆ. ಮುತ್ತು ಕಟ್ಟಿಸಿಕೊಂಡ ಹುಡುಗಿಯ ಕೊರಳಿನ ಸರ ಒಂದು ಒಡವೆಯಾಗಿರಲಿಲ್ಲ, ಊರಿನ ಉಳ್ಳವರಿಗೆ ಅವಳ ಮೇಲೆ ಕೊಟ್ಟ ಹಕ್ಕಾಗಿತ್ತು, ಬಿಚ್ಚಿಡಲು ದಾರಿಯೇ ಇರಲಿಲ್ಲ. ಅಂದರೆ ಅಲ್ಲಿ ಬೇಡವೆನ್ನುವುದರ ಬೆಲೆ ಬದುಕಿನಷ್ಟೇ ದೊಡ್ಡದಿತ್ತು. ಇನ್ನೊಂದು ವ್ಯತ್ಯಾಸ ಇದಕ್ಕಿಂತ ಮುಖ್ಯ. 1982ರ ದೇವದಾಸಿ ನಿಷೇಧ ಕಾಯ್ದೆ ಮುತ್ತು ಕಟ್ಟಿಸಿದವರನ್ನು ಅಪರಾಧಿ ಎಂದಿತು, ಆ ಹೆಣ್ಣು ಮದುವೆಯಾದರೆ ಅದು ಸಿಂಧು ಎಂದಿತು. ಅವಳಿಂದ ಏನನ್ನೂ ಕಸಿಯಲಿಲ್ಲ, ಮುಚ್ಚಿದ್ದ ಒಂದು ಬಾಗಿಲನ್ನು ತೆರೆಯಿತು. ಬೆತ್ತಲೆ ಸೇವೆ ನಿಂತಾಗ ರೇಣುಕಾಂಬೆಯ ಗುಡಿ ಆ ಹೆಂಗಸರಿಗೆ ಮುಚ್ಚಲಿಲ್ಲ, ಬಟ್ಟೆಯುಟ್ಟೇ ಹೋದರು. 2022ರ ಆದೇಶ ಯಾವ ಅಪ್ಪನನ್ನೂ ಯಾವ ಮುಲ್ಲಾನನ್ನೂ ಕೇಳಲಿಲ್ಲ. ಹುಡುಗಿಯನ್ನೇ ಹೊರಗೆ ನಿಲ್ಲಿಸಿತು. ಒತ್ತಾಯದ ವಿರುದ್ಧ ಎಂದು ಹೇಳಿಕೊಳ್ಳುವ ಕಾನೂನು ಯಾರ ಕೈ ಹಿಡಿಯುತ್ತದೆ, ಯಾರ ಕೈಯಿಂದ ಏನನ್ನು ಕಿತ್ತುಕೊಳ್ಳುತ್ತದೆ ಎಂದು ನೋಡಿದರೆ ಅದರ ಜಾತಕ ತಿಳಿಯುತ್ತದೆ.

ಅದೇ 1986ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಇನ್ನೊಂದು ತೀರ್ಪು ಕೊಟ್ಟಿತ್ತು. ಯೆಹೋವನ ಸಾಕ್ಷಿಗಳೆಂಬ ಪಂಥದ ಮೂವರು ಮಕ್ಕಳು ಕೇರಳದ ಶಾಲೆಯಲ್ಲಿ ರಾಷ್ಟ್ರಗೀತೆಗೆ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. ಶಾಲೆ ಹೊರಗೆ ಹಾಕಿತ್ತು, ಕೋರ್ಟು ಒಳಗೆ ಸೇರಿಸಿತು. ಆ ನಂಬಿಕೆ ಬಹುಮಂದಿಗೆ ವಿಚಿತ್ರವಾಗಿ ಕಂಡೀತು, ಆದರೆ ಅದು ಪ್ರಾಮಾಣಿಕವಾಗಿದ್ದರೆ ಸಾಕು ಎಂಬುದು ಅಲ್ಲಿನ ತಿರುಳು. ನ್ಯಾಯಮೂರ್ತಿ ಧುಲಿಯಾ 36 ವರ್ಷದ ಮೇಲೆ ಅದರ ಮೇಲೆಯೇ ಕಾಲೂರಿ ನಿಂತರು.

ಸಮವಸ್ತ್ರದ ಮಾತಿಗೆ ಬರುತ್ತೇನೆ, ಒಳ್ಳೆಯ ಮನಸ್ಸಿನ ಬಹಳ ಮಂದಿ ಹಿಡಿದದ್ದು ಅದನ್ನೇ. ಬಡವ ಬಲ್ಲಿದ ಎನ್ನದೆ ಎಲ್ಲ ಮಕ್ಕಳೂ ಒಂದೇ ಬಟ್ಟೆಯಲ್ಲಿ ಕೂತರೆ ಭೇದ ಅಳಿಯುತ್ತದೆ. ನಿಜ, ಸರ್ಕಾರ ಸಮವಸ್ತ್ರವನ್ನು ಬಿಟ್ಟಿಯಾಗಿ ಹಂಚುವುದೂ ಅದಕ್ಕೇ. ಆದರೆ ಸಮವಸ್ತ್ರ ಅಳಿಸಲು ಹೊರಟದ್ದು ಹಣದ ಭೇದವನ್ನು. ಹಣೆಯ ಕುಂಕುಮ, ವಿಭೂತಿ, ಕೊರಳ ಶಿವದಾರ, ಅಯ್ಯಪ್ಪನ ಮಾಲೆ, ಸಿಖ್ ಹುಡುಗನ ಪಟಕಾ ಇವೆಲ್ಲ ಅದರ ಜೊತೆಗೇ ಎಷ್ಟೋ ವರ್ಷ ತರಗತಿಯಲ್ಲಿ ಕೂತಿದ್ದವು, ಸಮಾನತೆಗೆ ಧಕ್ಕೆಯಾಗಿರಲಿಲ್ಲ. ಹುಡುಗಿಯರ ವಕೀಲರು ಸಮವಸ್ತ್ರದ ಬಣ್ಣದ್ದೇ ಬಟ್ಟೆ ತಲೆಗೆ ಹಾಕಿಕೊಳ್ಳುತ್ತಾರೆ ಎಂದೂ ಕೋರ್ಟಿನಲ್ಲಿ ಹೇಳಿದ್ದರು. ಉಡುಪಿನ ನಿಯಮವೆಂದರೆ ಏನೆಂದು ತೋರಣಗಲ್ಲು ಚೆನ್ನಾಗಿ ಬಲ್ಲದು. 1971ರಲ್ಲಿ ಇಂದಿರಾ ಗಾಂಧಿ ಇಲ್ಲಿ ಉಕ್ಕಿನ ಕಾರ್ಖಾನೆಗೆ ಅಡಿಗಲ್ಲಿಟ್ಟು, ಎರಡು ದಶಕಕ್ಕೂ ಹೆಚ್ಚು ಕಾಲ ಬಯಲಾಗಿಯೇ ಉಳಿದ ಜಾಗದಲ್ಲಿ ಈಗ ಕುಲುಮೆಗಳು ಉರಿಯುತ್ತಿವೆ. ಪಾಳಿ ಬದಲಾಗುವ ಹೊತ್ತಿಗೆ ಬಿಹಾರ, ಒಡಿಶಾ, ಬಂಗಾಳ, ರಾಯಚೂರು, ಕೂಡ್ಲಿಗಿಯವರೆಲ್ಲ ಒಂದೇ ಬಗೆಯ ಹೆಲ್ಮೆಟ್ಟು, ಬೂಟು ಹಾಕಿಕೊಂಡು ಹೊರಗೆ ಬರುತ್ತಾರೆ. ಅಲ್ಲಿ ನಿಯಮಕ್ಕೆ ಕಾರಣ ಕೇಳಿದರೆ ಕಾರಣವಿದೆ: ಕಿಡಿ ಸಿಡಿಯುತ್ತದೆ, ಕಬ್ಬಿಣ ಬೀಳುತ್ತದೆ. 1948ರ ಕಾರ್ಖಾನೆ ಕಾಯ್ದೆಯೇ, ಓಡುವ ಯಂತ್ರವನ್ನು ಮುಟ್ಟುವವನು ಮೈಗಂಟಿದ ಬಟ್ಟೆ ತೊಡಬೇಕು, ಅದನ್ನು ಮಾಲೀಕನೇ ಒದಗಿಸಬೇಕು ಎನ್ನುತ್ತದೆ. ಅಷ್ಟು ಗಟ್ಟಿ ಕಾರಣವಿರುವ ಕಡೆಯೂ ಕಾನೂನು ಬಾಗಿದ ಉದಾಹರಣೆಯಿದೆ. ಮೋಟಾರು ವಾಹನ ಕಾಯ್ದೆ ಪೇಟ ಸುತ್ತಿದ ಸಿಖ್ಖರಿಗೆ ಹೆಲ್ಮೆಟ್ಟಿನಿಂದ ವಿನಾಯಿತಿ ಕೊಟ್ಟಿದೆ. ಪ್ರಾಣದ ಪ್ರಶ್ನೆಯಲ್ಲಿ ಬಾಗಬಹುದಾದ ಕಾನೂನು ಇತಿಹಾಸದ ಪಾಠ ಕೇಳುವ ಬೆಂಚಿನ ಮೇಲೆ ಸೆಟೆದು ನಿಲ್ಲುವುದಕ್ಕೆ ಏನು ಕಾರಣ?

ಗುಡಿಯಲ್ಲಿ ವಸ್ತ್ರಸಂಹಿತೆ ಇರಬಹುದಾದರೆ ಶಾಲೆಯಲ್ಲಿ ಯಾಕಿರಬಾರದು ಎಂದೂ ಕೇಳುತ್ತಾರೆ. ಹಂಪಿಯ ವಿರೂಪಾಕ್ಷ ದೇವಾಲಯದಲ್ಲಿ 2024ರ ಹೊತ್ತಿಗೆ ಅಂಥ ನಿಯಮ ಬಂತು, ಚಡ್ಡಿ, ಹರಿದ ಜೀನ್ಸು ಹಾಕಿಕೊಂಡು ಒಳಗೆ ಬರಬೇಡಿ ಎಂದು. ಎಲ್ಲೆಲ್ಲಿಂದಲೋ ಬರುವ ಪ್ರವಾಸಿಗರಿಗೆ ಇದು ಮೊದಲು ಗೊತ್ತಿರುವುದಿಲ್ಲ. ಹಾಗೆ ಬಂದವರನ್ನು ಅಟ್ಟುವ ಬದಲು ಬಾಗಿಲಲ್ಲೇ ಪಂಚೆ, ಶಲ್ಯ ಕೊಡುವ ಏರ್ಪಾಡು ಮಾಡಿದರು. ಚಡ್ಡಿಯ ಮೇಲೇ ಪಂಚೆ ಸುತ್ತಿಕೊಂಡು ಒಳಗೆ ಹೋಗಿ, ಬರುವಾಗ ಬಿಚ್ಚಿ ಕೊಟ್ಟರಾಯಿತು. ದರ್ಗಾದಲ್ಲಿ ಕರವಸ್ತ್ರವನ್ನು ತಲೆಗೆ ಹಾಕಿಕೊಳ್ಳುವುದೂ, ಗುರುದ್ವಾರದಲ್ಲಿ ಬಟ್ಟೆ ಕೊಡುವುದೂ ಹಾಗೆಯೇ. ಈ ನಿಯಮದ ಬಗ್ಗೆ ನನಗೆ ಪೂರ್ತಿ ಸಮಾಧಾನವಿಲ್ಲ. ಬೆತ್ತಲೆ ಶಿಲ್ಪಗಳನ್ನು ಗೋಪುರದ ತುಂಬ ಕಡೆದ ಶಿಲ್ಪಿಗಳ ಮನಸ್ಸು ಇದಕ್ಕಿಂತ ಹಿಗ್ಗಿದ್ದಾಗಿತ್ತು ಎನ್ನಿಸುತ್ತದೆ. ಆದರೂ ಗುಡಿ ನಂಬಿದವರ ಜಾಗ, ಹೋಗಲೇಬೇಕೆಂಬ ಕಟ್ಟಿಲ್ಲ. ಶಾಲೆ ಹಾಗಲ್ಲ, ಅದು ಮಗುವಿನ ಹಕ್ಕು. ಮತ್ತೆ ಗುಡಿಯವರು ಬಂದವರಿಗೆ ಒಂದು ಬಟ್ಟೆಯನ್ನು ಕೊಟ್ಟು ಒಳಗೆ ಬಿಟ್ಟರು. ಅಷ್ಟು ಸಣ್ಣ ದಾಕ್ಷಿಣ್ಯ ಒಂದು ರಾಜ್ಯದ ಸರ್ಕಾರಕ್ಕೆ ಹೊಳೆಯಲಿಲ್ಲವೆಂಬುದು ನನ್ನ ನೋವು.

2025ರ ಏಪ್ರಿಲಿನಲ್ಲಿ ಸಿಇಟಿ ಪರೀಕ್ಷೆ ಬರೆಯಲು ಹೋದ ಹುಡುಗರಿಗೆ ಶಿವಮೊಗ್ಗದಲ್ಲಿ, ಬೀದರಿನಲ್ಲಿ ಜನಿವಾರ ತೆಗೆಯಲು ಹೇಳಿದರು. ಬೀದರಿನವನು ತೆಗೆಯಲಿಲ್ಲ, ಗಣಿತದ ಪರೀಕ್ಷೆ ತಪ್ಪಿತು. ರಾಜ್ಯವೆಲ್ಲ ಮರುಗಿತು, ಸಿಬ್ಬಂದಿ ಅಮಾನತಾದರು. ಮರುಗಿದ್ದು ಸರಿ, ಒಂದು ನೂಲಿನೆಳೆಗಾಗಿ ಒಬ್ಬ ಹುಡುಗನ ವರ್ಷ ಹಾಳಾಗಬಾರದು. ನಿಯಮ ಅಂದರೆ ನಿಯಮ, ಓದು ಮುಖ್ಯವೋ ನೂಲು ಮುಖ್ಯವೋ ಎಂದು ಆಗ ಯಾರೂ ಅವನನ್ನು ಕೇಳಲಿಲ್ಲ. ಅವನ ಮನೆಯವರು ಬಲವಂತ ಮಾಡಿದರೇ, ಶಾಸ್ತ್ರದಲ್ಲಿ ಪರೀಕ್ಷೆಯ ದಿನ ಜನಿವಾರ ಅತ್ಯಗತ್ಯವೆಂದಿದೆಯೇ ಎಂದೂ ಯಾರೂ ವಿಚಾರಿಸಲಿಲ್ಲ. ಅದು ಅವನಿಗೆ ಮುಖ್ಯ, ಇನ್ನೊಬ್ಬರಿಗೆ ತೊಂದರೆಯಿಲ್ಲ, ಅಷ್ಟು ಸಾಕಾಯಿತು. ಈ ತಿಳಿವಳಿಕೆ ನಮಗೆ ಹೊಸದಾಗಿ ಬಂದದ್ದೇನಲ್ಲ, ಅದು ನಮ್ಮೊಳಗೇ ಇತ್ತು. ಮೂರು ವರ್ಷ ಮುಂಚೆ ಹುಡುಗಿಯರ ಸರದಿಯಲ್ಲಿ ಅದನ್ನು ಹೊರಗೆ ತೆಗೆಯಲಿಲ್ಲ. ಆಗ ಹುಡುಗಿಯರ ಪರ ನಿಂತು, ಈಗ ಜನಿವಾರವೆಂದಾಗ ಮುಖ ತಿರುಗಿಸಿದವರೂ ಇದ್ದಾರೆ, ಅವರನ್ನೂ ನಾನು ಒಪ್ಪಲಾರೆ. ಜನಿವಾರದ ಹಿಂದಿನ ಜಾತಿಯ ಇತಿಹಾಸ ನನಗೆ ಗೊತ್ತಿದೆ, ಬುರ್ಖಾದ ಹಿಂದಿನ ಗಂಡಾಳಿಕೆಯ ಇತಿಹಾಸವೂ ಗೊತ್ತಿದೆ. ಆ ಜಗಳಗಳನ್ನು ಆಡುವ ಜಾಗ ಪರೀಕ್ಷಾ ಕೋಣೆಯ ಬಾಗಿಲಲ್ಲ. ಆಡಬೇಕಾದವರು ಆ ಮನೆಗಳಲ್ಲಿ ಹುಟ್ಟಿ ಬೆಳೆದು ಓದಿಕೊಂಡ ಮಕ್ಕಳೇ, ಅದಕ್ಕೆ ಅವರು ಮೊದಲು ಓದಿರಬೇಕು.

ಸುಪ್ರೀಂ ಕೋರ್ಟಿನಲ್ಲಿ ಇಬ್ಬರೂ ಒಮ್ಮತಕ್ಕೆ ಬಾರದೆ ವಿಷಯ ದೊಡ್ಡ ಪೀಠ ರಚಿಸಲೆಂದು ಮುಖ್ಯ ನ್ಯಾಯಮೂರ್ತಿಗಳ ಮುಂದೆ ಹೋಯಿತು. 2023ರ ಡಿಸೆಂಬರಿನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಮೈಸೂರು ಜಿಲ್ಲೆಯ ಸಭೆಯೊಂದರಲ್ಲಿ ಯಾರು ಯಾವ ಬಟ್ಟೆ ಬೇಕಾದರೂ ಹಾಕಿಕೊಳ್ಳಲಿ, ನಿರ್ಬಂಧ ತೆಗೆಯುತ್ತೇವೆ ಎಂದರು. ಮರುದಿನವೇ ಅದು ಯೋಚನೆಯಲ್ಲಿದೆ ಎಂಬ ಮಟ್ಟಕ್ಕೆ ಇಳಿಯಿತು. ಕಾನೂನಿಗೆ ಕಾಯುವ ವ್ಯವಧಾನವಿದೆ. 2022ರ ದ್ವಿತೀಯ ಪಿಯುಸಿ ಪರೀಕ್ಷೆ ಏಪ್ರಿಲ್ 22ಕ್ಕೆ ಶುರುವಾಗಿತ್ತು. ಅವತ್ತು ಗೇಟಿನವರೆಗೆ ಬಂದು ಹಾಲ್ ಟಿಕೆಟು ಕೈಯಲ್ಲಿಟ್ಟುಕೊಂಡು ತಿರುಗಿ ಹೋದ ಹುಡುಗಿಯರಿದ್ದರು; ತಲೆಯ ಬಟ್ಟೆಯನ್ನು ಗೇಟಿನ ಹೊರಗೆ ಮಡಿಸಿ ಬ್ಯಾಗಿನಲ್ಲಿಟ್ಟು ಒಳಗೆ ಹೋಗಿ ಬರೆದವರೂ ಇದ್ದರು. ಈ ಇಬ್ಬರಲ್ಲಿ ಯಾರದ್ದು ಆಯ್ಕೆ ಎಂದು ನಾವು ಇವತ್ತಿಗೂ ವಾದ ಮಾಡುತ್ತೇವೆ. ಇಬ್ಬರಿಗೂ ಆಗ ಹದಿನೇಳು, ಹದಿನೆಂಟು ವರ್ಷ.